ಬಾಗಿಲಿಲ್ಲದ ಮನೆಯ ತಡೆಯಾಜ್ಞೆ

ಜನವರಿ ೮, ಬೆಳಿಗ್ಗೆ

ಇವತ್ತೂ ಲಾಂಡ್ರಿ ಕೆಲಸಕ್ಕೆ ಲೇಟ್. ಅಕ್ಕನಿಗೆ ಕಾಫಿ ಕೊಟ್ಟು, ಅವಳ ಕುರ್ಚಿ ಬಾಗಿಲ ಹತ್ತಿರ ಎಳೆದು... ಬಾಗಿಲೆಲ್ಲಿದೆ? ಬರೀ ಚೌಕಟ್ಟು. ನಿನ್ನೆ ಓನರ್ ಆಳುಗಳನ್ನು ಕರೆತಂದು ಕಳಚಿಸಿಕೊಂಡು ಹೋದ. ರಿಪೇರಿಯಂತೆ. ಗೆದ್ದಲು ಹಿಡಿದಿದೆಯಂತೆ. ಹಿಡಿದಿರೋದು ಅವನ ತಲೆಗೆ.

ಕೋರ್ಟಿನ ತಡೆಯಾಜ್ಞೆ ಇದೆ — ಕೇಸು ಮುಗಿಯುವ ತನಕ ನಮ್ಮನ್ನು ಎಬ್ಬಿಸುವ ಹಾಗಿಲ್ಲ, ಬೀಗ ಜಡಿಯುವ ಹಾಗಿಲ್ಲ, ನೀರು ಕರೆಂಟು ಮುಟ್ಟುವ ಹಾಗಿಲ್ಲ. ಬಾಗಿಲಿನ ಮಾತು ಅದರಲ್ಲಿಲ್ಲ. ಬೀಗ ಹಾಕಬೇಡ ಅಂದಿದ್ದಕ್ಕೆ ಬಾಗಿಲನ್ನೇ ಹೊತ್ತುಕೊಂಡು ಹೋದ ಪುಣ್ಯಾತ್ಮ.

ಲಾಂಡ್ರಿಯಿಂದ ಹಳೇ ಬೆಡ್‌ಶೀಟ್ ತರಬೇಕು, ಮರೆಗೆ.

ಜನವರಿ ೯

ವಕೀಲೆಗೆ ಫೋನ್ ಮಾಡಿದೆ. "ಬಾಗಿಲು ತೆಗೆದಿದ್ದೂ ತಪ್ಪೇ. ಅರ್ಜಿ ಹಾಕ್ತೀನಿ. ಜಡ್ಜ್ ರಜೆ, ಸೋಮವಾರ ಆಗುತ್ತೆ. ಅಲ್ಲೀತನಕ ಮನೆ ಖಾಲಿ ಬಿಡಬೇಡಿ. ಅವರು ಒಳಗೆ ಬಂದು ಕೂತ್ರೆ ಎಬ್ಬಿಸೋಕೆ ವರ್ಷಗಟ್ಟಲೆ ಹಿಡಿಯುತ್ತೆ."

ಸ್ಟೇಷನ್‌ನಲ್ಲಿ ಒಂದೇ ಮಾತು: "ಸಿವಿಲ್ ಮ್ಯಾಟರ್ ಅಮ್ಮಾ." ಬಿಲ್ಡಿಂಗಿನಲ್ಲಿ ಉಳಿದಿರುವುದು ನಾವಿಬ್ಬರೇ. ಮಿಕ್ಕವರೆಲ್ಲ ಹೆದರಿ ಖಾಲಿ ಮಾಡಿದರು.

ಹಗಲು ಅಕ್ಕನ ಕಾವಲು, ಸಂಜೆಯಿಂದ ನನ್ನದು. ಅಕ್ಕನ ಮೈಗೆ ಸ್ವೆಟರ್, ತಲೆಗೆ ಸ್ಕಾರ್ಫ್, ಕೈಯಲ್ಲಿ ಬೆತ್ತದ ಬದಲು ಕೊಡೆ. "ರಿಟೈರ್ ಆದ ಟೈಪಿಸ್ಟ್‌ಗೆ ವಾಚ್‌ಮನ್ ಕೆಲಸ ಸಿಕ್ತಲ್ಲೇ" ಅಂತ ನಗುತ್ತಾಳೆ.

ಜನವರಿ ೧೧

ಸುಡುಗಾಡು ಗಾಳಿ. ಶೀಟಿಗೆ ಹೊಡೆದ ಮೊಳೆಗಳು ಕಿತ್ತುಬಂದಿವೆ. ಅಕ್ಕನಿಗೆ ಕೆಮ್ಮು, ಮೈ ಕೆಂಡ.

"ಡಾಕ್ಟರ್ ಹತ್ರ ಹೋಗೋಣ ಬಾ."

"ಇಬ್ರೂ ಹೋದ್ರೆ ಮನೆ?"

"ಹಾಳಾಗಿ ಹೋಗ್ಲಿ ಮನೆ."

"ಬಾಯ್ಮುಚ್ಚು. ಗಂಟುಮೂಟೆ ಕಟ್ಟಿ ಕಟ್ಟಿ ಸಾಕಾಗಿದೆ ನಂಗೆ. ಇನ್ನೆಲ್ಲಿಗೂ ಬರಲ್ಲ."

ಎದುರುಗಡೆ ಓನರ್ ಅಳಿಯ ವ್ಯಾನ್ ನಿಲ್ಲಿಸಿಕೊಂಡು ಮೊಬೈಲ್ ತೀಡುತ್ತಾ ಕೂತಿದ್ದಾನೆ. ಕಾಯುತ್ತಿದ್ದಾನೆ. ಹೋಗಿ ಎರಡು ಬಿಗಿಯೋಣ ಅನ್ನಿಸಿತು. ಹೋದರೆ ಕೆಳಗಿಳಿಯಬೇಕಲ್ಲ.

ಜನವರಿ ೧೨, ಮಧ್ಯಾಹ್ನ

ಬೆಳಿಗ್ಗೆ ಅಕ್ಕನಿಗೆ ಉಸಿರು ಕಟ್ಟಿತು. ಆಂಬುಲೆನ್ಸ್ ಬಂತು. ಹತ್ತಲು ಹೋದೆ, ಅಕ್ಕ ಕೈ ತಳ್ಳಿ ಮೇಲೆ ಮನೆಯ ಕಡೆ ತೋರಿಸಿದಳು. ಅವಳೊಬ್ಬಳೇ ಹೋದಳು.

ನಾನಿಲ್ಲಿ ಒಂದು ಚೌಕಟ್ಟು ಕಾಯುತ್ತಾ ಕೂತಿದ್ದೇನೆ. ಬರೆಯಲೂ ನಾಚಿಕೆ.

ಸಂಜೆ

ನರ್ಸ್ ಫೋನ್. "ಬೇಗ ಬನ್ನಿ." ವ್ಯಾನ್ ಇನ್ನೂ ಅಲ್ಲೇ ಇದೆ. ಇರಲಿ. ಹೊರಟೆ —

ಜನವರಿ ೧೯

ಅಕ್ಕ ಇಲ್ಲ. ಅವತ್ತೇ ಹೋದಳು.

ನಾನು ತಲುಪಿದಾಗ ಎಚ್ಚರವಿತ್ತು. ಮಾಸ್ಕ್ ಸರಿಸಿ ಬೈದಳು. "ಯಾಕೆ ಬಂದೆ? ಮನೇಲ್ಯಾರಿದ್ದಾರೆ?"

"ಬಾಗಿಲು ವಾಪಸ್ ಹಾಕಿದ್ರು ಅಕ್ಕ. ಬೀಗ ಹಾಕ್ಕೊಂಡು ಬಂದೆ."

"ಎಳೆದು ನೋಡಿದ್ಯಾ?"

"ನೋಡ್ದೆ."

ಸರಿ ಅನ್ನುವ ಹಾಗೆ ಕಣ್ಣು ಮುಚ್ಚಿದಳು. ಆಮೇಲೆ ಮಾತಾಡಲಿಲ್ಲ.

ಮನೆಯೂ ಹೋಯಿತು. ತಿರುಗಿ ಬಂದಾಗ ಸಾಮಾನೆಲ್ಲ ರಸ್ತೆ ಬದಿಗೆ. ರಿಪೇರಿಗೆ ಹೋದ ಬಾಗಿಲು ಒಂದೇ ಸಂಜೆಗೆ ಬಂದು ಕೂತಿತ್ತು, ಹೊಸ ಬೀಗದ ಸಮೇತ. ಲಾಂಡ್ರಿಯ ಸ್ಟೋರ್‌ರೂಮಿನಲ್ಲಿ ಮಲಗುತ್ತಿದ್ದೇನೆ. ಮೇಲ್ವಿಚಾರಕಿ ಕಂಡೂ ಕಾಣದ ಹಾಗೆ ಇದ್ದಾಳೆ, ಪುಣ್ಯ.

ಜನವರಿ ೨೧

ವಕೀಲೆ ಆಫೀಸು. ಅವರಿಗೆ ನನಗಿಂತ ಸಿಟ್ಟು. "ಕೋರ್ಟಿನ ಮಾತು ಮೀರಿದ್ದಾರೆ, ಬಿಡೋದಿಲ್ಲ. ಹಕ್ಕು ನಿಮ್ದೇ. ಮನೆ ವಾಪಸ್ ಬಂದೇ ಬರುತ್ತೆ, ಸ್ವಲ್ಪ ಟೈಮ್ ಹಿಡಿಯುತ್ತೆ." ತಲೆಯಾಡಿಸಿದೆ.

ಗುಮಾಸ್ತ ಹೊಸ ಅರ್ಜಿ ಟೈಪ್ ಮಾಡುತ್ತಾ ತಲೆಯೆತ್ತದೆ ಕೇಳಿದ, "ಮನೇಲಿ ವಾಸ ಇರೋರು ಯಾರ್ಯಾರು ಮೇಡಂ?"

"ನಾನು, ನಮ್ಮಕ್ಕ" ಅಂದುಬಿಟ್ಟೆ.

ಅವನು ಟೈಪ್ ಮಾಡಿದ. ವಕೀಲೆ ನನ್ನ ಮುಖ ನೋಡಿದರು. ತಿದ್ದಿಸಬೇಕಿತ್ತು. ಹಾಗೇ ಸಹಿ ಹಾಕಿದೆ.