ಒಳಗಿನಿಂದ ಹಾಕುವ ಕೀಲು

ಶಹಾಪುರ
ಶುಕ್ರವಾರ, ಅಸರ್ ನಮಾಜಿನ ನಂತರ

ಉಮೆಸಲ್ಮಾ,

ಸಲಾಂ. ಈ ಪತ್ರವನ್ನು ನೀನೇ ಓದು. ಅಂಬರೀನಳ ಕೈಗೆ ಕೊಟ್ಟು ಓದಿಸಬೇಡ. ನಿನ್ನ ಮಗಳು ಒಳ್ಳೆಯವಳೇ, ಆದರೆ ಓದುವಾಗ ನಡುನಡುವೆ ತನ್ನ ಮಾತು ಸೇರಿಸುತ್ತಾಳೆ. ನೀನು ಏಳನೆಯ ಇಯತ್ತೆಯವರೆಗೆ ಕಲಿತವಳು, ಅಕ್ಷರ ಮರೆತಿಲ್ಲ ಎಂದು ನನಗೆ ಗೊತ್ತಿದೆ. ಮನೆಯಲ್ಲಿ ನಾವಿಬ್ಬರೂ ಆಡಿದ್ದು ಉರ್ದು, ಆದರೆ ಬರೆಯಲು ಬರುವುದು ಶಾಲೆಯ ಕನ್ನಡ ಮಾತ್ರ. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಿ ನೀನು "ಹೂಂ ಭಾಬಿ, ಹೂಂ ಭಾಬಿ" ಎಂದು ಇಟ್ಟುಬಿಡುತ್ತೀಯ.

ಲಕೋಟೆ ಭಾರವಾಗಿದೆ ಎಂದು ಗಾಬರಿಯಾಗಬೇಡ. ಅದರೊಳಗೆ ಒಂದು ಹಿತ್ತಾಳೆಯ ತುಂಡು ಇದೆ. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಓದು.

ಆ ದಿನದ ಮಾತನ್ನು ನಾವಿಬ್ಬರೂ ಒಮ್ಮೆಯೂ ಎತ್ತಲಿಲ್ಲ. ಈಗ ಎತ್ತುತ್ತೇನೆ. ಹೋದ ವರ್ಷ, ಮಿರಗದ ಮಳೆಗೆ ಮುಂಚಿನ ಗಾಳಿ ಎದ್ದ ದಿನ. ಹಳೇಪೇಟೆಯಲ್ಲಿ ಆ ಟೀಚರ್ ಹುಡುಗಿ ತೀರಿಕೊಂಡಿದ್ದಳು. ಬಸ್ಸಿನ ಕಿಟಕಿಯ ಗಾಳಿಗೂ ತಲೆಯ ಮೇಲಿನ ಓಢಣಿ ಜಾರಗೊಡದ ಹುಡುಗಿ. ಕೊನೆಯ ಸ್ನಾನ ಮಾಡಿಸಲು ನಮ್ಮಿಬ್ಬರನ್ನು ಕರೆದರು. ನಮ್ಮ ಜನರಲ್ಲಿ ಹೆಣ್ಣುಮಗಳು ಸತ್ತರೆ ಈ ಊರಿನಲ್ಲಿ ನಮ್ಮನ್ನಲ್ಲದೆ ಇನ್ನಾರನ್ನು ಕರೆಯುತ್ತಿದ್ದರು? ಮನೆಯೊಳಗೆ ಇಕ್ಕಟ್ಟು ಎಂದು ಅಂಗಳದಲ್ಲೇ ಹೆಣ ಮಲಗಿಸುವ ತಖ್ತೆ ಹಾಕಿದೆವು. ಸುತ್ತ ಚಾದರಗಳ ಗೋಡೆ ಕಟ್ಟಿದೆವು. ಒಂದು ತುದಿ ಬೇವಿನ ಗಿಡಕ್ಕೆ, ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತೆರೆದಿಟ್ಟ ಹಿತ್ತಲ ಬಾಗಿಲಿಗೆ. ಬಾಗಿಲಿನ ಗಂಟು ಹಾಕಿದವಳು ನೀನು. ನಮ್ಮ ಅತ್ತೆ ಕಲಿಸಿದ್ದೇ ಹಾಗೆ. ತೆರೆದ ಬಾಗಿಲು ಸಿಕ್ಕರೆ ಬೇರೆ ಕಂಬ ಹುಡುಕಬೇಡಿ ಎನ್ನುತ್ತಿದ್ದರು.

ಗಾಳಿ ಬಂತು, ಚಾದರ ಹೋಯಿತು. ಕಂಪೌಂಡಿನ ಆಚೆ ಗಂಡಸರು ಕುರ್ಚಿ ಹಾಕಿಕೊಂಡು ಕುಳಿತಿದ್ದರು. ನೀನು ತಂಬಿಗೆ ಬಿಸಾಕಿ ಆ ಹುಡುಗಿಯ ಮೇಲೆ ಮೈಚಾಚಿ ಮಲಗಿಬಿಟ್ಟೆ. ನಾನು ಒಳಗಿನಿಂದ ಕಂಬಳಿ ತರುವವರೆಗೆ ಹಾಗೆಯೇ ಇದ್ದೆ. ಎದ್ದಾಗ ನಿನ್ನ ಸೀರೆಯೆಲ್ಲ ಕರ್ಪೂರದ ನೀರು. ಮನೆಗೆ ಬರುವ ದಾರಿಯಲ್ಲಿ ನೀನು ಹೇಳಿದ ಮಾತು ನನಗೆ ಅಕ್ಷರ ಅಕ್ಷರ ನೆನಪಿದೆ. "ಭಾಬಿ, ಕಡೀ ಸಲ ಆಕಿ ಮರ್ಯಾದಿ ನನ್ನ ಕೈಯಾಗಿತ್ತು. ನನ್ನ ಗಂಟ ಬಿಚ್ಚಿತು. ಇನ್ನ ಮ್ಯಾಲೆ ಈ ಕೈ ಯಾರಿಗೂ ಹಚ್ಚಂಗಿಲ್ಲ."

ನಿನ್ನ ಗಂಡ, ನನ್ನ ಮೈದುನ, ತೀರಿಕೊಂಡಾಗಲೂ ಈ ಮನೆ ಬಿಡದವಳು ಆ ವಾರ ಟ್ರಂಕು ಕಟ್ಟಿದೆ. ಮಗಳಿಗೆ ನಾರಾಯಣಪುರದಲ್ಲಿ ನೀರಾವರಿಯವರ ಕ್ವಾರ್ಟರ್ಸ್ ಸಿಕ್ಕಿದೆ, ಮೊಣಕಾಲು ನೋಯುತ್ತದೆ, ಅಲ್ಲಿ ಹೊಸ್ತಿಲು ಕಡಿಮೆ ಎಂದು ನೆಪ ಹೇಳಿದೆ. ನಾನು "ಹೋಗೋರಿಗೆ ಬಾಗಿಲ ತೆರದೈತಿ" ಎಂದೆ. ಹೋಗುವವರ ಸೆರಗು ಹಿಡಿಯುವುದು ನನಗೆ ಬಂದದ್ದಲ್ಲ. ನಿನಗೂ ಅದು ಗೊತ್ತು.

ಆದರೆ ಕೇಳು. ಮೂರನೆಯ ದಿನ ಜಿಯಾರತಿಗೆ ಆ ಮನೆಗೆ ಹೋದಾಗ ಹಿತ್ತಲ ಬಾಗಿಲನ್ನು ನೋಡಿದೆ. ನಿನ್ನ ಗಂಟು ಬಾಗಿಲಿನ ಕೊಂಡಿಯಲ್ಲಿ ಹಾಗೆಯೇ ಇತ್ತು. ಆಡನ್ನು ಕಟ್ಟಿದ ಗಂಟಿನಂತೆ ಬಿಗಿಯಾಗಿತ್ತು, ಅದಕ್ಕೆ ಚಾದರದ ಹರಿದ ಮೂಲೆ ಇನ್ನೂ ಅಂಟಿಕೊಂಡಿತ್ತು. ಬಿಚ್ಚಿದ್ದು ಗಂಟಲ್ಲ, ತಿರುಗಿದ್ದು ಬಾಗಿಲು. ಗಾಳಿಗೆ ಅದು ಮುಚ್ಚಿಕೊಳ್ಳುವಾಗ ಚಾದರವನ್ನು ಎಳೆದು ಹರಿಯಿತು. ಹೇಳಬೇಕೆಂದು ಮನೆಗೆ ಬಂದರೆ ನಿನ್ನ ಟ್ರಂಕು ಆಗಲೇ ಗಾಡಿ ಏರಿತ್ತು, ನೀನು ನನ್ನ ಮುಖ ನೋಡುತ್ತಿರಲಿಲ್ಲ.

ಬಾಗಿಲನ್ನಾದರೂ ಏನೆಂದು ಬೈಯುವುದು? ತಿರುಗಲೆಂದೇ ಅದಕ್ಕೆ ಬಿಜಾಗ್ರಿ ಬಡಿದಿರುತ್ತಾರೆ. ನಿಲ್ಲು ಎಂದರೆ ನಿಲ್ಲುವ, ಮಡಚು ಎಂದರೆ ಮಡಚಿಕೊಳ್ಳುವ ಬಿಜಾಗ್ರಿ ಇದ್ದರೆ ಗೋಡೆಯನ್ನೇ ಗಾಡಿಯಲ್ಲಿ ಹಾಕಿಕೊಂಡು ಸತ್ತವರ ಮನೆಗೆ ಹೋಗಬಹುದಲ್ಲ ಎನ್ನಿಸಿತು. ಹಾಗೆ ಎನ್ನಿಸಿದ ಮೇಲೆ ನನ್ನ ಸ್ವಭಾವ ನಿನಗೆ ಗೊತ್ತೇ ಇದೆ.

ಅಂಬರೀನಳ ಲಗ್ನದ ಪಲಂಗ ಮಾಡಿದ್ದನಲ್ಲ, ತಿಂಥಣಿಯ ಅಯ್ಯಪ್ಪ ಬಡಿಗೇರ, ಅವನನ್ನು ಕರೆಸಿದೆ. ಬಚ್ಚಲಮನೆಗೆ ಹಚ್ಚುವ ಪ್ಲಾಸ್ಟಿಕ್ ಬಾಗಿಲುಗಳಂಥ ಹಗುರವಾದ ಆರು ಹಲಗೆ ಬೇಕು, ನೀರು ತಾಗಿದರೂ ಕೆಡಬಾರದು, ಒಂದಕ್ಕೊಂದು ಜೋಡಿಸಬೇಕು ಎಂದೆ. "ಮದಿವಿ ಮನಿಗೇನ್ರಿ ಅಮ್ಮಾರ?" ಎಂದು ಕೇಳಿದ. "ಸತ್ತವರ ಮನಿಗೆ" ಎಂದೆ. ಟೇಪು ಕೆಳಗಿಟ್ಟ. ಆಮೇಲೆ ಮತ್ತೆ ಎತ್ತಿಕೊಂಡ.

ಮೊದಲು ಅಂಗಡಿಯ ಬಿಜಾಗ್ರಿಗಳನ್ನೇ ಬಡಿದು ತಂದ. ಅಂಗಳದಲ್ಲಿ ನಿಲ್ಲಿಸಿದ ಕೂಡಲೇ ಸಣ್ಣ ಗಾಳಿಗೇ ಆರೂ ಹಲಗೆ ಪುಸ್ತಕದ ಹಾಗೆ ಮುಚ್ಚಿಕೊಂಡು ಬಿದ್ದವು. ದೊಡ್ಡ ಸೊಸೆ ಅಡುಗೆಮನೆಯಲ್ಲಿ ನಕ್ಕಳು. ಕೇಳಿಸದವಳಂತೆ ನಾನು ಹಲಗೆ ಎತ್ತಿಸಿದೆ. ಅಯ್ಯಪ್ಪ ಆಮೇಲೆ ಹಲಗೆಗಳ ಬುಡಕ್ಕೆ ಚಿಲಕ ಹಚ್ಚಿ ನೆಲಕ್ಕೆ ಇಳಿಸುತ್ತೇನೆ ಎಂದ. ಎಲ್ಲರ ಅಂಗಳದಲ್ಲೂ ಫರಸಿ ಕಲ್ಲು ಹಾಸಿರುತ್ತದೆ. ಹೆಣ ಇಟ್ಟುಕೊಂಡ ಮನೆಗೆ ಹೋಗಿ ನಿಮ್ಮ ನೆಲ ಕೊರೆಯುತ್ತೇವೆ ಎನ್ನಲಾದೀತೆ?

ಆಮೇಲೆ ನನಗೆ ಹೈಸ್ಕೂಲಿನ ರೇಖಾಗಣಿತ ನೆನಪಾಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಪುಸ್ತಕದಂಗಡಿಗೆ ಹೋಗಿ ಒಂದು ಕಂಪಾಸ್ ಪೆಟ್ಟಿಗೆ ಕೊಡು ಎಂದೆ. "ಮೊಮ್ಮಗಗೇನ್ರಿ?" ಎಂದ. "ನನಗ." "ಪರೀಕ್ಷಾಕ್ಕ ಕುಂದರಾಕತ್ತೀರೇನ್ರಿ, ಅಮ್ಮಾ?" ಎಂದು ಹಲ್ಲು ಕಿಸಿದ. "ಹೌದು, ಎಲ್ಲಾರೂ ಕುಂದರೋ ಪರೀಕ್ಷಾ. ನೀನೂ ತಯಾರಾಗು" ಎಂದೆ. ಚಿಲ್ಲರೆ ಎಣಿಸಿ ಕೊಟ್ಟ. ನನಗೆ ಬೇಕಾಗಿದ್ದದ್ದು ಅದರೊಳಗಿನ ಕೋನಮಾಪಕ. ಆ ಅರ್ಧಚಂದ್ರವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿಟ್ಟು ಗೆರೆ ಎಳೆದೆ. ಪ್ರತಿ ಎರಡು ಹಲಗೆ ಕೂಡುವಲ್ಲಿ, ಸೊಂಟದ ಎತ್ತರಕ್ಕೆ, ಒಂದು ಹಲಗೆಗೆ ಇಂಥ ಅರ್ಧಚಂದ್ರದ ತಗಡು. ಅದರ ಅಂಚಿನಲ್ಲಿ ತೂತುಗಳು. ಪಕ್ಕದ ಹಲಗೆಗೆ ಒಂದು ಸಣ್ಣ ಕೊಳವೆ. ಹಲಗೆ ತಿರುಗಿದಂತೆ ಕೊಳವೆ ತೂತುಗಳ ಮೇಲೆ ಸರಿಯುತ್ತದೆ. ನೇರ ನಿಲ್ಲಬೇಕಾದರೆ ಒಂದು ತೂತು, ಮೂಲೆಯಾಗಬೇಕಾದರೆ ಒಂದು ತೂತು, ಅಂಗಳ ಸೊಟ್ಟಗಿದ್ದರೆ ನಡುವಿನವು. ಬೇಕಾದಲ್ಲಿ, ಸಣ್ಣ ಸರಪಳಿಗೆ ತೂಗುವ ಹಿತ್ತಾಳೆಯ ಕೀಲು ಇಳಿಸಿದರೆ ಮುಗಿಯಿತು, ಬಿಜಾಗ್ರಿ ತಿರುಗುವುದನ್ನು ಮರೆಯುತ್ತದೆ.

ತಗಡು ಕತ್ತರಿಸಿದವನು ವೆಲ್ಡಿಂಗ್ ಅಂಗಡಿಯ ಮನ್ಸೂರಅಲಿ. ಕ್ಯಾಲೆಂಡರ್ ಹಾಳೆಯನ್ನು ತಲೆಕೆಳಗೆ ಹಿಡಿದು ನೋಡಿ, "ಚಾಚೀ, ಇದಕ್ಕ ಏನ ಹೆಸರ ಇಡೂಣು?" ಎಂದ. "ಹೆಸರ ಬ್ಯಾಡ. ಜಂಗ ಹಿಡೀಲಾರದಂಗ ಮಾಡಿಕೊಡು, ಸಾಕು" ಎಂದೆ.

ಅಯ್ಯಪ್ಪ ಜೋಡಿಸಿ ತಂದಾಗ ನೋಡಿದರೆ ತಗಡು, ಕೀಲು ಎಲ್ಲವೂ ಹೊರಬದಿಗೆ. ಹೊರಗಿನಿಂದ ಹಾಕುವುದು ಸಸಾರ ಆಗುತ್ತದೆ, ನಿಮ್ಮ ಮನೆಯ ಗಂಡಸರು ಹಾಕಿಕೊಡುತ್ತಾರೆ ಎಂದ. "ಅಯ್ಯಪ್ಪ, ಒಳಗಿರಾಕಿ ಹೆಣ್ಣ. ಹೊರಗ ಕೀಲ ಇದ್ದರ ತೆಗಿಯೋ ಕೈ ಹೊರಗಿನವರದು" ಎಂದೆ. ಅವನು ಕೀಲಿನ ಮೇಲೆ ಕೈಯಾಡಿಸಿದ. "ನಮ್ಮವ್ವಗ ಅಂಗಳದಾಗ ನೀರ ಹಾಕಿದಿವ್ರಿ. ಇಡೀ ಓಣಿ ನಿಂತಿತ್ತು" ಎಂದಷ್ಟೇ ಹೇಳಿ ಎಲ್ಲವನ್ನೂ ಬಿಚ್ಚಿಕೊಂಡು ಹೋದ. ಮರಳಿ ತಂದಾಗ ಕೀಲುಗಳೆಲ್ಲ ಒಳಬದಿಗೆ ಬಂದಿದ್ದವು.

ಅಷ್ಟಕ್ಕೇ ನಾನು ಬಿಡಲಿಲ್ಲ. ಹಲಗೆಯನ್ನು ಒಂದು ಕೈ ನೆಟ್ಟಗೆ ಹಿಡಿದಿರಬೇಕು, ಇನ್ನೊಂದು ಕೈ ಕೀಲು ಇಳಿಸಬೇಕು. ಗಾಳಿಯಿದ್ದರೆ ಒಬ್ಬರಿಂದ ಆಗದ ಕೆಲಸ. ತೂತಿಗೆ ಬಂದ ಕೂಡಲೇ ಹಲಗೆ ತಾನೇ ಟಕ್ ಎಂದು ಹಿಡಿದುಕೊಳ್ಳುವಂತೆ ಒಂದು ಸ್ಪ್ರಿಂಗ್ ಹಾಕು ಎಂದೆ. ಅಯ್ಯಪ್ಪನಿಗೆ ಬೇಸರ ಬಂತು. "ಇಬ್ಬರು ಇರ್ತೀರಲ್ರಿ ಅಮ್ಮಾರ. ಒಬ್ಬರು ಹಿಡೀರಿ, ಒಬ್ಬರು ಹಾಕ್ರಿ."

"ಒಬ್ಬಾಕಿನ ಇದ್ದೇನಿ" ಎಂದೆ.

ಸ್ಪ್ರಿಂಗ್ ಹಾಕಿಕೊಟ್ಟ.

ಅದನ್ನು ಮನೆಯಲ್ಲಿ ಇಡುವುದೇ ದೊಡ್ಡ ಜಗಳವಾಯಿತು. ಗಯಾಸ, "ಅಮ್ಮೀ, ಮಸೀದಿಗೆ ಕೊಟ್ಟಬಿಡು, ಸಾವಿನ ಪಡದಾ ಮನಿಯಾಗ ಯಾಕ?" ಎಂದ. ನನ್ನ ಮಗನೇ, ಆದರೆ ಹೆಂಡತಿಯ ಮಾತನ್ನು ತನ್ನ ಬಾಯಲ್ಲಿ ಆಡುವಾಗ ನನಗೆ ತಿಳಿಯುತ್ತದೆ. ಜೋಳದ ಚೀಲಗಳ ಕೋಣೆಯಲ್ಲಿ ನಿಲ್ಲಿಸಿದ್ದೇನೆ. ಅಂದಿನಿಂದ ಸೊಸೆಯಂದಿರು ಜೋಳ ಬೇಕಾದರೆ ನನ್ನನ್ನು ಕರೆಯುತ್ತಾರೆ. ಹಿಟ್ಟಿಗೆ ಎಷ್ಟು ಬೇಕೆಂದು ಬಾಗಿಲ ಆಚೆಯಿಂದಲೇ ಹೇಳುತ್ತಾರೆ. ಮನೆಯ ತುಂಬ ಜನ, ಉಮೆಸಲ್ಮಾ. ನನ್ನ ಮಾತಿಲ್ಲದೆ ಈ ಮನೆಯಲ್ಲಿ ಒಲೆ ಹೊತ್ತುವುದಿಲ್ಲ. ಆದರೂ ಆ ಕೋಣೆಯೊಳಗೆ ನನ್ನ ಜೊತೆ ಬಂದು ಒಂದು ಚೀಲ ಸರಿಸುವವರಿಲ್ಲ.

ಹೋದ ತಿಂಗಳು ಸುರಪುರದಿಂದ ಕರೆ ಬಂತು. ಬೆಟ್ಟದ ಬುಡದ ಮನೆ, ತೀರಿಕೊಂಡವಳು ವಯಸ್ಸಾದ ಹೆಂಗಸು, ಸುತ್ತ ಗೋಡೆಯೇ ಇಲ್ಲದ ಅಂಗಳ. ಗಯಾಸ ಗೂಡ್ಸ್ ಗಾಡಿಯಲ್ಲಿ ಹಲಗೆಗಳನ್ನು ಇಳಿಸಿ ದೂರ ಹೋಗಿ ನಿಂತ. ನಾನು ಒಳಗೆ ನಿಂತು ತಿರುಗಿಸುತ್ತ ಹೋದೆ. ಟಕ್, ಕೀಲು. ಟಕ್, ಕೀಲು. ಬೆಟ್ಟದ ಮೇಲಿಂದ ಗಾಳಿ ಇಳಿದು ಬಂದು ಹಲಗೆಗಳಿಗೆ ಗುದ್ದಿತು. ಹಲಗೆ ಬಡಬಡಿಸಿತು, ಕದಲಲಿಲ್ಲ. ಹೊರಗೆ ಯಾರೋ "ಗ್ವಾಡಿ ನಿಂತಂಗ ನಿಂತೈತಲ್ಲ" ಎಂದದ್ದು ಕೇಳಿಸಿತು. ಆ ಹೊತ್ತಿಗೆ ನಾನು ತಿರುಗಿ ನಿನ್ನ ಕಡೆ ನೋಡಿದೆ. ನೀನು ಇರಲಿಲ್ಲ.

ನೀರು ಹಾಕಲು ಸತ್ತವಳ ತಂಗಿಯನ್ನು ಒಳಗೆ ಕರೆದುಕೊಂಡಿದ್ದೆ. ಪಾಪ, ಅಳುತ್ತಲೇ ಸುರಿದಳು. ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಒಮ್ಮೆ ಮೂಗಿನ ಮೇಲೆ. ನೀನು ಪ್ರತಿ ತಂಬಿಗೆಯನ್ನೂ ಮೊದಲು ನಿನ್ನ ಮಣಿಕಟ್ಟಿನ ಮೇಲೆ ಹಾಕಿ ನೋಡುತ್ತಿದ್ದೆ, ಕೂಸಿಗೆ ಎರೆಯುವವರ ಹಾಗೆ. "ಸತ್ತವರಿಗೆ ಬಿಸಿ ತಾಕತದೇನ, ಹುಚ್ಚಿ?" ಎಂದು ನಾನು ಬೈಯುತ್ತಿದ್ದೆ. "ನನಗ ತಾಕತದಲ್ಲ ಭಾಬಿ" ಎನ್ನುತ್ತಿದ್ದೆ ನೀನು. ಸುರಪುರದಲ್ಲಿ ಆ ತಂಗಿ ನೀರು ಸುರಿಯುವ ಮೊದಲು ಪ್ರತಿ ಸಲವೂ ನಾನೇ ನನ್ನ ಮಣಿಕಟ್ಟು ಒಡ್ಡಿದೆ. ಯಾರೂ ನನ್ನನ್ನು ಹುಚ್ಚಿ ಎನ್ನಲಿಲ್ಲ.

ನಿನ್ನೆ ಸಂಜೆ ಹಲಗೆಗಳನ್ನು ತೊಳೆದು ನಮ್ಮ ಅಂಗಳದಲ್ಲಿ ನಿಲ್ಲಿಸಿದೆ. ಸ್ಪ್ರಿಂಗ್‌ಗೆ ಎಣ್ಣೆ ಬಿಟ್ಟು, ಒಳಗೆ ನಿಂತು ಎಲ್ಲ ಕೀಲುಗಳನ್ನೂ ಹಾಕಿ ನೋಡಿದೆ. ಕೊನೆಯ ಮೂಲೆಯ ಕೀಲೂ ಇಳಿಯಿತು. ಮೇಲೆ ಆಕಾಶ ಒಂದು ಚೌಕ. ಹೊರಗೆ ಕುಕ್ಕರ್ ಕೂಗುತ್ತಿತ್ತು, ಮಕ್ಕಳು ಮೊಬೈಲಿಗಾಗಿ ಕಿತ್ತಾಡುತ್ತಿದ್ದರು. ಬಹಳ ಹೊತ್ತು ನಿಂತೆ. ಅಮ್ಮೀ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಕೇಳಬೇಕೆಂದು ನಾನು ನಿಂತದ್ದೂ ಅಲ್ಲ.

ಅಲ್ಲಿ ನಿಂತಾಗ ನನ್ನ ಲೆಕ್ಕ ಎಲ್ಲಿ ತಪ್ಪಿತು ಎಂದು ತಿಳಿಯಿತು. ಒಬ್ಬಳಿಂದಲೇ ಆಗುವ ಹಾಗೆ ಮಾಡಿಸಿದೆ, ಆಯಿತು. ಆದರೆ ಆ ಒಬ್ಬಳು ನಾನು. ತಖ್ತೆಯ ಮೇಲೆ ನಾನು ಮಲಗುವ ದಿನ ಹಲಗೆಗಳಿರುತ್ತವೆ, ಸ್ಪ್ರಿಂಗ್ ಇರುತ್ತದೆ, ಕೀಲುಗಳೂ ಒಳಬದಿಗೇ ಇರುತ್ತವೆ. ಒಳಗೆ ನಿಂತು ಹಾಕುವವರು ಯಾರು? ಸೊಸೆಯಂದಿರು ಹೊರಗೆ ನಿಂತು ಅಳುತ್ತಾರೆ, ಚೆನ್ನಾಗಿಯೇ ಅಳುತ್ತಾರೆ. ಊರು ದೊಡ್ಡದು, ಯಾರನ್ನೋ ಕರೆತರುತ್ತಾರೆ. ಗುರುತಿಲ್ಲದ ಕೈ ನನ್ನ ತಲೆಗೂದಲು ಬಿಡಿಸುತ್ತದೆ. ನನ್ನ ಎಡ ಭುಜ ಮೇಲೆತ್ತಿದರೆ ನೋಯುತ್ತದೆ ಎಂದು ಆ ಕೈಗೆ ಗೊತ್ತಿರುವುದಿಲ್ಲ. ಸತ್ತವರಿಗೆ ನೋವೇನು ಎಂದು ನಾನೇ ನೂರು ಸಲ ಅಂದವಳು. ಈಗ ಅನ್ನಲಾರೆ.

ನಿನ್ನ ಮಡಿಲಲ್ಲಿರುವುದು ಕೊನೆಯ ಮೂಲೆಯ ಕೀಲು. ಬೆಳಿಗ್ಗೆ ಎದ್ದು ಅದನ್ನು ಸರಪಳಿಯಿಂದ ಬಿಡಿಸಿದೆ. ಅದರ ಜಾಗದಲ್ಲಿ ಒಂದು ಮೊಳೆ ತೂರಿಸಿದ್ದೇನೆ. ನಾಳೆ ಯಾರ ಮನೆಯಿಂದ ಕರೆ ಬಂದರೂ ಆ ಮೊಳೆ ತಡೆಯುತ್ತದೆ, ಎಳೆದು ನೋಡಿದ್ದೇನೆ. ಆದರೆ ತೂತಿಗೆ ಸರಿಯಾಗಿ ಕೂರುವುದಿಲ್ಲ, ಗಾಳಿ ಬಂದಾಗ ಗಲಗಲ ಎನ್ನುತ್ತದೆ. ಆ ಸದ್ದು ನನಗೆ ಆಗುವುದಿಲ್ಲ.

ಮನ್ಸೂರಅಲಿ ಇನ್ನೊಂದು ಕೀಲು ಮಾಡಿಕೊಡುತ್ತೇನೆ ಎಂದ. ಬೇಡ ಎಂದೆ.

ಗಯಾಸ ಈ ಲಕೋಟೆ ಕೊಟ್ಟು, ಡ್ಯಾಮಿನ ಕಡೆ ಸಾಮಾನು ಇಳಿಸಿ ಅದೇ ದಿನ ಸಂಜೆಗೆ ಮರಳುತ್ತಾನೆ. ಗಾಡಿಯ ಮುಂದಿನ ಸೀಟು ಖಾಲಿ ಇರುತ್ತದೆ. ಹಿತ್ತಲ ಕಡೆಯ ನಿನ್ನ ಕೋಣೆಯ ಹೊಸ್ತಿಲನ್ನು ಅಯ್ಯಪ್ಪನಿಂದ ಕೆತ್ತಿಸಿ ತಗ್ಗು ಮಾಡಿಸಿದ್ದೇನೆ. ಹಲಗೆಯ ಕೆಲಸಕ್ಕೆ ಬಂದಿದ್ದನಲ್ಲ, ಹಾಗೇ ಮಾಡಿಸಿದೆ. ನಿನಗಾಗಿ ಎಂದು ತಿಳಿಯಬೇಡ.

ಅಲ್ಲಾಹ ನಿನ್ನ ಮೊಣಕಾಲಿಗೆ ಬಲ ಕೊಡಲಿ, ನಿನ್ನ ಆಯುಷ್ಯ ನನ್ನದಕ್ಕಿಂತ ಒಂದು ದಿನವಾದರೂ ಹೆಚ್ಚಿರಲಿ. ಈ ದುವಾದಲ್ಲಿ ನನ್ನ ಸ್ವಾರ್ಥವೂ ಇದೆ, ಇರಲಿ. ಕೀಲು ಕಳೆಯಬೇಡ.

ನಿನ್ನ ಭಾಬಿ,
ಮಮ್ತಾಜ