ನಿಮ್ಮಮ್ಮ ಹೊರಟಿದ್ದಾಳೆ

ಮನೆಯಿಂದ,
ಮಾರ್ಚ್ ೯, ಭಾನುವಾರ

ಪ್ರೀತಿಯ ಗುಬ್ಬಿ,

ನಿನ್ನ ಕೆಮ್ಮು ಹೇಗಿದೆ? ಹಾಸ್ಟೆಲಿನ ನೀರು ಒಗ್ಗುತ್ತಿಲ್ಲವೆಂದು ಬರೆದಿದ್ದೆ, ಕುದಿಸಿ ಕುಡಿ, ಅಸಡ್ಡೆ ಮಾಡಬೇಡ. ನನ್ನ ಮಂಡಿ ಎಂದಿನಂತೆ ಕಿರುಗುಟ್ಟುತ್ತಿದೆ. ಹೊಲಿಗೆ ಯಂತ್ರದ ಎಣ್ಣೆಯನ್ನೇ ಅದಕ್ಕೂ ಬಿಡಿ ಎನ್ನುತ್ತಾಳೆ ನಿಮ್ಮಮ್ಮ.

ಅವಳು ಹೊರಡುವ ಗಡಿಬಿಡಿಯಲ್ಲಿ ಮನೆ ತಲೆಕೆಳಗಾಗಿದೆ. ಸಮುದ್ರದಾಚೆ, ಯುದ್ಧಕ್ಕೆ ಹೆದರಿ ಓಡಿ ಬಂದವರ ಶಿಬಿರದಲ್ಲಿ ಹೆರಿಗೆ ಮಾಡಿಸುವ ಕೆಲಸ, ಎರಡು ವರ್ಷ, ಸಂಬಳವಿಲ್ಲ. ಹೆರಿಗೆ ವಾರ್ಡಿನಿಂದ ನಿವೃತ್ತಳಾದ ಮೇಲೆ ಹಾಯಾಗಿರುತ್ತಾಳೆ ಎಂದುಕೊಂಡಿದ್ದೆ. ಈಗ ನೋಡಿದರೆ ಮಂಚದ ತುಂಬ ಬಟ್ಟೆ, ಗೋಡೆಯ ತುಂಬ ಅಲ್ಲಿಯ ಭಾಷೆಯ ಚೀಟಿಗಳು. ಕನ್ನಡಿಯ ಮುಂದೆ ನಿಂತು ‘ಉಸಿರು ಎಳ್ಕೋ, ಉಸಿರು ಬಿಡು’ ಎನ್ನುವುದನ್ನು ಆ ಭಾಷೆಯಲ್ಲಿ ಉರುಹೊಡೆಯುತ್ತಾಳೆ. ನಾನು ಮುಖ ಊದಿಸಿಕೊಂಡೇ ಓಡಾಡುತ್ತಿದ್ದೆ. ಊಟಕ್ಕೆ ಕೂತಾಗಲೆಲ್ಲ “ಈ ವಯಸ್ಸಲ್ಲಿ ಬೇಕಿತ್ತಾ ಇದೆಲ್ಲ?” ಎಂದು ರಾಗ ಎಳೆಯುತ್ತಿದ್ದೆ. ಅವಳು ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು.

ಮೊನ್ನೆ ಗುರುವಾರ ಮಧ್ಯಾಹ್ನ, ಮೇಲಿನ ಮನೆಯ ಬೇಕರಿಯವನ ಸೊಸೆಗೆ ದಿನ ತುಂಬುವ ಮೊದಲೇ ನೋವು ಬಂತು. ಗಂಡ ಊರಲ್ಲಿರಲಿಲ್ಲ, ಆಂಬುಲೆನ್ಸ್ ಸೇತುವೆಯ ಹತ್ತಿರ ಸಿಕ್ಕಿಹಾಕಿಕೊಂಡಿತ್ತು. ನಿಮ್ಮಮ್ಮನ ಹಿಂದೆ ಓಡಿದ ನಾನು ಸಂಕೋಚದಿಂದ ಬಾಗಿಲಲ್ಲೇ ನಿಂತೆ. “ಅಲ್ಲೇನ್ ನಿಂತಿದೀರಿ? ಬಂದು ಅವಳ ಬೆನ್ನಿಗೆ ಗೋಡೆ ಥರ ಕೂತ್ಕೊಳ್ಳಿ” ಎಂದಳು. ಕೂತೆ.

ಗುಬ್ಬಿ, ಮೂವತ್ತು ವರ್ಷ ಜೊತೆಗಿದ್ದವಳನ್ನು ಅವತ್ತು ಮೊದಲ ಸಲ ನೋಡಿದೆ. ಕನ್ನಡಕ ಸಿಗದಿದ್ದರೆ ಸೂರು ಹಾರಿಹೋಗುವಂತೆ ಕೂಗಾಡುವ ಹೆಂಗಸು ಅಲ್ಲಿ ದನಿಯನ್ನೇ ಏರಿಸಲಿಲ್ಲ. “ಹೆದರ್ಬೇಡ ಕಂದಾ, ನಾನಿದೀನಿ” ಎಂದಳು. ಅಷ್ಟಕ್ಕೇ, ನನ್ನ ಎದೆಗೆ ಒರಗಿದ್ದ ಆ ಹುಡುಗಿಯ ನಡುಕ ಇಳಿದದ್ದು ನನ್ನ ಮೈಗೇ ಗೊತ್ತಾಯಿತು. ಕೂಸು ಬಂತು, ಅಳಲಿಲ್ಲ. ನೀಲಿಗಟ್ಟಿತ್ತು. ನನ್ನ ಉಸಿರು ನಿಂತಿತು, ನಿಮ್ಮಮ್ಮನ ಕೈ ನಿಲ್ಲಲಿಲ್ಲ. ಬಾಯಿ ಒರೆಸಿದಳು, ಬೆನ್ನು ಉಜ್ಜಿದಳು, ಬಾಗಿ ತನ್ನ ಉಸಿರನ್ನೇ ಚೂರುಚೂರಾಗಿ ಅದರೊಳಗೆ ಊದಿದಳು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ. ಕೋಣೆಯಲ್ಲಿ ನಾವೆಲ್ಲ ಇದ್ದ ಹಾಗೇ ಇದ್ದೆವು, ಒಂದು ಜೀವ ಮಾತ್ರ ಹೆಚ್ಚಾಗಿತ್ತು. ಇದನ್ನು ಹೇಗೆ ಬರೆಯುವುದೋ ತಿಳಿಯದು ಮಗಳೇ, ಬಟ್ಟೆಯ ಅಳತೆ ಬಿಟ್ಟರೆ ನನಗೇನು ಬರುತ್ತದೆ.

ಮೆಟ್ಟಿಲಿಳಿಯುವಾಗ ಅವಳೇ ನನ್ನ ಕೈ ಹಿಡಿದುಕೊಂಡಳು. “ಅಲ್ಲೂ ಹೀಗೇನಾ?” ಎಂದು ಕೇಳಿದೆ. “ಅಲ್ಲಿ ಕೂಸನ್ನ ಎತ್ಕೊಳ್ಳೋರೂ ಇಲ್ವಂತೆ” ಎಂದಳು. ಗಿರಾಕಿಗಳ ಬಟ್ಟೆಯನ್ನೆಲ್ಲ ಬದಿಗಿಟ್ಟು ಈಗ ಅವಳಿಗೆ ದೊಡ್ಡ ಜೇಬಿನ ಏಪ್ರನ್ ಹೊಲಿಯುತ್ತಿದ್ದೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ರೂಮಿನ ಗೆಳತಿಗೂ ನನ್ನ ಆಶೀರ್ವಾದ ಹೇಳು. ನಿನಗಂತೂ ಕೇಳದೆಯೇ ಇದ್ದೇ ಇದೆ.

ನಿನ್ನ
ಅಪ್ಪ

ತಾ.ಕ.: ನಿನ್ನೆ ನಿಮ್ಮಮ್ಮನನ್ನು ಕಳಿಸುತ್ತಿರುವ ಸಂಸ್ಥೆಯವರಿಗೆ ಫೋನ್ ಮಾಡಿದ್ದೆ. ಶಿಬಿರದಲ್ಲಿ ಹೊಲಿಗೆ ಕಲಿಸುವವರೂ ಬೇಕಂತೆ. ವಯಸ್ಸಾಗಿದೆ ಎಂದೆ, ಸೂಜಿಗೆ ದಾರ ಪೋಣಿಸ್ತೀರಾ ಎಂದು ಕೇಳಿದರು, ಹೂಂ ಎಂದೆ. ಮುಂದಿನ ತಂಡದಲ್ಲಿ ನಾನೂ ಹೊರಡುತ್ತೇನೆ. ನಿಮ್ಮಮ್ಮನಿಗೆ ಇನ್ನೂ ಹೇಳಿಲ್ಲ. ನೀನು ರಜಕ್ಕೆ ಬಂದರೆ ಎರಡು ವರ್ಷ ಬಾಗಿಲು ತೆರೆಯಲು ಇಲ್ಲಿ ಯಾರೂ ಇರುವುದಿಲ್ಲ. ಬೇಡ ಎನ್ನುವುದಿದ್ದರೆ ಈಗಲೇ ಬರೆ, ನಿಲ್ಲುತ್ತೇನೆ. ಆದರೆ ಬೇಡ ಎನ್ನಬೇಡ ಮಗಳೇ.