ನಷ್ಟ ಸೊನ್ನೆ

ಮಾರ್ಚ್ 4, ಬೆಳಿಗ್ಗೆ

ಕಾಫಿ, ಗ್ರಾಫ್, ಬೈಗುಳ — ದಿನವೂ ಇದೇ ಕ್ರಮ. ಇವತ್ತಿನ ಬೈಗುಳ ನಮ್ಮ ನೆಟ್‌ವರ್ಕ್ ಬಳಸುವ ಆಸ್ಪತ್ರೆಯವರದು: ಸ್ಕ್ಯಾನ್ ತೆರೆಯಲು ಯುಗ ಹಿಡಿಯುತ್ತದಂತೆ. ನನ್ನ ಪರದೆಯಲ್ಲಿ ನಷ್ಟ ಸೊನ್ನೆ. ಒಂದು ತುಣುಕು ಡೇಟಾ ಕೂಡ ಕಳೆದಿಲ್ಲ. ಆದರೆ ಸ್ಕ್ಯಾನ್‌ಗಳನ್ನು ಇಟ್ಟಿರುವ ಸ್ಟೋರೇಜ್ ಕಡೆಯಿಂದ "ನಿಲ್ಲಿಸು, ಜಾಗ ಇಲ್ಲ" ಎನ್ನುವ ಪಾಜ್ ಸಂದೇಶಗಳು, ಒಂದರ ಹಿಂದೊಂದು. ಅದು ಬಂದರೆ ಡೇಟಾ ದಾಟಿಸುವ ನನ್ನ ಸ್ವಿಚ್ ಬಾಯಿ ಮುಚ್ಚಿಕೊಂಡು ಕಾಯಬೇಕು.

ಹಿಂದೆ ಸ್ಟೋರೇಜ್‌ಗೇ ಬೇರೆ ನೆಟ್‌ವರ್ಕ್ ಇತ್ತು. ಕಳೆದ ತಿಂಗಳು ಎಲ್ಲವನ್ನೂ ಒಂದೇ ಕೇಬಲ್‌ಗೆ ತಂದರು. ಎರಡು ತಂಡವೂ ಇನ್ನು ಒಂದೇ, ಮುಖ್ಯಸ್ಥರೂ ಒಬ್ಬರೇ, ಯಾರೆಂದು ಇನ್ನೂ ತೀರ್ಮಾನವಾಗಿಲ್ಲ. ನಾನು, ಇಲ್ಲವೇ ಸ್ಟೋರೇಜ್ ನೋಡಿಕೊಳ್ಳುವ ಭಾವ — ಅಕ್ಕನ ಗಂಡ. ಸರಿಯಾಗಿ ಈಗಲೇ ಇಷ್ಟೊಂದು ಪಾಜ್ ಯಾಕೆ? ನನ್ನ ನೆಟ್‌ವರ್ಕ್ ದಂಡ ಅಂತ ತೋರಿಸಲಿಕ್ಕಾ?

ಮಾರ್ಚ್ 5

ಕ್ಯಾಂಟೀನ್. ನನ್ನನ್ನು ಕಂಡದ್ದೇ ಭಾವ ಲ್ಯಾಪ್‌ಟಾಪ್ ಮುಚ್ಚಿದರು.

"ಏನ್ ಭಾವ, ಮುಚ್ಚಿಬಿಟ್ರಿ?"

"ಹೊಸ ಫ್ರಿಜ್ ರೇಟ್ ನೋಡ್ತಿದ್ದೆ. ನಿಮ್ಮಕ್ಕಂಗೆ ಹೇಳ್ಬೇಡ."

ಕಿವಿ ಮೇಲೆ ಹೂವಿಡುತ್ತಿದ್ದಾರೆ. ಸಂಜೆ ಅಕ್ಕನ ಫೋನ್. "ಇವರು ಸರಿಯಾಗಿ ಊಟಾನೇ ಮಾಡ್ತಿಲ್ಲ ಕಣೇ. ಆಫೀಸಲ್ಲಿ ಏನಾದ್ರೂ ಇದ್ಯಾ?" ಭಾವನೇ ಕೇಳಿಸಿದ್ದೋ ಏನೋ... ಅಕ್ಕನ ಮೇಲೂ ಅನುಮಾನ! ನಾಚಿಕೆಯಾಯಿತು. ಆದರೂ "ಕೆಲಸ ಜಾಸ್ತಿ ಅಷ್ಟೇ" ಅಂದು ಫೋನ್ ಇಟ್ಟೆ.

ಮಾರ್ಚ್ 7

ಕೇಬಲ್‌ನಲ್ಲಿ ಸ್ಟೋರೇಜ್‌ಗಿದ್ದ ಅರ್ಧ ಪಾಲನ್ನು ಕಾಲುಭಾಗಕ್ಕೆ ಇಳಿಸಿದೆ. ಯಾರಿಗೂ ಹೇಳಿಲ್ಲ. ಬಂದು ಜಗಳವಾಡಲಿ, ಆಗ ಬಣ್ಣ ಬಯಲಾಗುತ್ತದೆ.

ಬರಲಿಲ್ಲ. ಲಿಫ್ಟ್ ಹತ್ತಿರ ನಕ್ಕು ಹೋದರು. ಆ ನಗು ಯಾಕೋ ಸರಿಯಿಲ್ಲ.

ಮಾರ್ಚ್ 12, ಮಧ್ಯಾಹ್ನ

ಎಲ್ಲ ನಿಂತುಹೋಗಿತ್ತು. ಆಪರೇಷನ್ ಟೇಬಲ್ ಮೇಲೆ ರೋಗಿ, ಸ್ಕ್ಯಾನ್ ತೆರೆಯುತ್ತಿಲ್ಲ. ಆಗಲೂ ನಷ್ಟ ಸೊನ್ನೆ!

ಹುಡುಕಿದೆ. ನಾನು ಕಡಿತ ಮಾಡಿದ ಮೇಲೆ ಭಾವ ಸದ್ದಿಲ್ಲದೆ ಬ್ಯಾಕಪ್ಪನ್ನು ಬೇರೆ ದಾರಿಗೆ ತಿರುಗಿಸಿದ್ದಾರೆ, ಅದನ್ನೂ "ನಷ್ಟವಾಗಬಾರದು" ಸಾಲಿಗೆ, ಅಂದರೆ ಎಷ್ಟು ಕಾದರೂ ಬಿಸಾಡಬಾರದ ಡೇಟಾದ ಜೊತೆಗೆ, ಸೇರಿಸಿ. ದಾರಿಗಳು ಸುತ್ತಿಕೊಂಡಿವೆ. ಈ ಸ್ವಿಚ್ ಆ ಸ್ವಿಚ್ಚಿಗೆ ನಿಲ್ಲು ಅನ್ನುತ್ತದೆ, ಅದು ಮುಂದಿನದಕ್ಕೆ, ಮುಂದಿನದು ಮತ್ತೆ ಇದಕ್ಕೇ. ಯಾರದಾದರೂ ಡೇಟಾ ಬಿಸಾಡದೆ ಬಿಡಿಸುವಂತಿಲ್ಲ.

ಭಾವ ಓಡಿಬಂದು ಪಕ್ಕದಲ್ಲಿ ನಿಂತರು.

"ನನ್ ಪಾಲು ಕಡಿಮೆ ಮಾಡಿದ್ದು ನೀನೇ ಅಂತ ಅವತ್ತೇ ಗೊತ್ತಾಯ್ತು."

"ಮತ್ತೆ ಕೇಳ್ಲಿಲ್ಲ ಯಾಕೆ?"

"ನೀನ್ ಕೇಳಿದ್ಯಾ? ಡಿಸ್ಕ್ ಹಳೇವು, ತಡ್ಕೊಳ್ತಿಲ್ಲ, ಅದಕ್ಕೇ ಅಷ್ಟೊಂದು ಪಾಜ್. ಹೇಳಿದ್ರೆ ನೆಪ ಅಂತಿದ್ದೆ."

ಅನ್ನುತ್ತಿದ್ದೆ, ನಿಜ.

"ನಂದನ್ನೇ ಬಿಸಾಕು. ಬೇಗ."

ಬಿಸಾಡಿದೆ. ಭಾವನ ಇಡೀ ವಾರದ ಬ್ಯಾಕಪ್ ಹಾಳು. ಸ್ಕ್ಯಾನ್ ತೆರೆಯಿತು.

ಮಾರ್ಚ್ 13

ಮ್ಯಾನೇಜರ್‌ಗೆ ಭಾವ ಬರೆದ ಮೇಲ್. ನನಗೂ ಒಂದು ಪ್ರತಿ. ನನ್ನ ತಲೆಗೆ ಏನೇನು ಕಟ್ಟಿದ್ದಾರೋ ಅಂತ ತೆರೆದೆ. ತಮ್ಮ ತಪ್ಪು ಮಾತ್ರ ಬರೆದಿದ್ದಾರೆ. ನನ್ನ ಕಡಿತದ ಸುದ್ದಿಯೇ ಇಲ್ಲ. ಇದರಲ್ಲೇನು ಹುನ್ನಾರ? ಮತ್ತೆ ಮತ್ತೆ ಓದಿದೆ. ಸಿಗಲಿಲ್ಲ.

ಅಕ್ಕ ಫೋನ್ ಮಾಡಿದಳು. "ನೀನೇ ಮುಖ್ಯಸ್ಥೆ ಅಂತಲ್ಲೇ! ಇವರೇ ಹೇಳಿದ್ರು. ಸಿಹಿ ತಂದಿದಾರೆ ಕಣೇ."

ಆಮೇಲೆ ಮ್ಯಾನೇಜರ್ ಬಂದರು. "ನಿಮ್ ಕಡೆಯಿಂದ ಏನೂ ಬದಲಾವಣೆ ಇರ್ಲಿಲ್ಲ ತಾನೆ?" ಬರೆದು ಕಳಿಸುತ್ತೇನೆ ಅಂದೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ಸರ್, ಆ ಮೇಲ್‌ನಲ್ಲಿರುವುದು ಅರ್ಧ ಮಾತ್ರ. ಉಳಿದರ್ಧ ನಾನು —